ನೆಲವುಳ್ಳ ಗ್ರಹ, ನೆಲವಿಲ್ಲದ ಗ್ರಹ: ಒಂದು ವರ್ಗೀಕರಣದ ವಿವೇಚನೆ

‘ಗ್ರಹ’ ಎಂಬ ಪದಕ್ಕೆ ಹಿಡಿಯುವುದು, ಹಿಡಿದುಕೊಳ್ಳುವುದು ಎಂಬ ಮೂಲಾರ್ಥವಿದೆ. ‘ಗ್ರಹಣ’, ‘ಗ್ರಹಚಾರ’ ಎಂಬ ರೂಪಗಳೂ ಆಡುಮಾತಿನ ‘ಗರ ಬಡಿದಂತೆ’ ಎಂಬ ನುಡಿಗಟ್ಟೂ ಈ ಅರ್ಥವನ್ನೇ ಉಳಿಸಿಕೊಂಡು ಬಂದಿವೆ. ನವಗ್ರಹಗಳ ಪಟ್ಟಿಯಲ್ಲಿ ಸೂರ್ಯನೂ ಚಂದ್ರನೂ ಇದ್ದಾರೆ. ಕಾಯವೇ ಇಲ್ಲದ ರಾಹು ಕೇತುಗಳೂ ಇದ್ದಾರೆ. ಭೂಮಿ ಮಾತ್ರ ಇಲ್ಲ. ಮನುಷ್ಯನ ಬದುಕನ್ನು ಯಾವುದು ಹಿಡಿಯುತ್ತದೆ, ಯಾವುದು ಚಲಿಸುತ್ತದೆ ಎಂಬುದನ್ನು ಆಧರಿಸಿದ ವರ್ಗೀಕರಣವಿದು. ಆ ಕಾಯ ಯಾವ ದ್ರವ್ಯದಿಂದಾಗಿದೆ ಎಂಬ ಪ್ರಶ್ನೆ ಇದರೊಳಗೆ ಹುಟ್ಟುವುದಿಲ್ಲ. ಬರಿಗಣ್ಣಿಗೆ ಬುಧನಿಂದ ಶನಿಯವರೆಗಿನ ಐದೂ ಚುಕ್ಕಿಗಳೇ. ಗುರುವನ್ನು ನೋಡಿದವನಿಗೆ ಅದು ಕಲ್ಲೋ ಗಾಳಿಯೋ ಎಂದು ಕೇಳಬೇಕೆನಿಸುವ ಸುಳಿವು ಆಕಾಶದಲ್ಲಿ ಇರಲಿಲ್ಲ.

ಇಂದಿನ ಖಗೋಳವಿಜ್ಞಾನ ಸೂರ್ಯನನ್ನು ಸುತ್ತುವ ಎಂಟು ಗ್ರಹಗಳನ್ನು ಎರಡು ಕುಲಗಳಾಗಿ ವಿಂಗಡಿಸುತ್ತದೆ. ಬುಧ, ಶುಕ್ರ, ಭೂಮಿ, ಮಂಗಳ ಇವು ಶಿಲಾಗ್ರಹಗಳು. ಗುರು, ಶನಿ, ಯುರೇನಸ್, ನೆಪ್ಚೂನ್ ಇವು ಅನಿಲಗ್ರಹಗಳು. ಶಾಲಾ ಪಠ್ಯದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ಈ ವಿಂಗಡಣೆ ಹೇಗೆ ಸಿದ್ಧಿಸಿತು, ಅದು ನಿಜವಾಗಿ ಏನನ್ನು ಹೇಳುತ್ತದೆ, ಕನ್ನಡದಲ್ಲಿ ಅದಕ್ಕೆ ಬಳಸುವ ಪದಗಳು ಎಷ್ಟರಮಟ್ಟಿಗೆ ತಿಳಿವನ್ನು ಕೊಡುತ್ತವೆ, ಎಷ್ಟರಮಟ್ಟಿಗೆ ಮರೆಮಾಡುತ್ತವೆ ಎಂಬುದು ವಿವೇಚನೆಗೆ ಅರ್ಹವಾದ ವಿಷಯ.

ಬಣ್ಣ ಮತ್ತು ನಡಿಗೆ

ಜನಪದರು ಗ್ರಹಗಳನ್ನು ಗುರುತಿಸಿದ್ದು ಮುಖ್ಯವಾಗಿ ಬಣ್ಣದಿಂದ ಮತ್ತು ನಡಿಗೆಯಿಂದ. ಶುಕ್ರನಿಗೆ ಕನ್ನಡದಲ್ಲಿ ‘ಬೆಳ್ಳಿ’ ಎಂಬ ಹೆಸರಿದೆ, ತಮಿಳಿನಲ್ಲಿ ‘ವೆಳ್ಳಿ’. ಮಂಗಳನಿಗೆ ತಮಿಳಿನಲ್ಲಿ ಕೆಂಪನ್ನು ಸೂಚಿಸುವ ‘ಸೆವ್ವಾಯ್’ ಎಂಬ ಹೆಸರಿದ್ದರೆ, ಸಂಸ್ಕೃತ ಅದನ್ನು ಕೆಂಡಕ್ಕೆ ಹೋಲಿಸಿ ‘ಅಂಗಾರಕ’ ಎಂದಿತು. ಶನಿ ಎಂದರೆ ಶನೈಶ್ಚರ, ಮೆಲ್ಲನೆ ನಡೆಯುವವನು; ‘ಮಂದ’ ಎಂಬುದೂ ಅವನದೇ ಹೆಸರು. ಬಣ್ಣದ ಹೆಸರುಗಳೆರಡೂ ಶಿಲಾಗ್ರಹಗಳಿಗೆ ಸಂದಿರುವುದು ಆಕಸ್ಮಿಕವಿರಬಹುದು. ನಡಿಗೆಯ ವಿಷಯ ಹಾಗಲ್ಲ.

ಏಳೂವರೆ ಶನಿಯ ಲೆಕ್ಕವನ್ನು ಗಮನಿಸಬಹುದು. ಶನಿಯು ಹನ್ನೆರಡು ರಾಶಿಗಳನ್ನು ಸುತ್ತಲು ಸುಮಾರು 29.5 ವರ್ಷ ಬೇಕು. ಒಂದು ರಾಶಿಗೆ ಎರಡೂವರೆ ವರ್ಷದಂತೆ ಮೂರು ರಾಶಿಗಳಿಗೆ ಏಳೂವರೆ ವರ್ಷ. ಶನಿ ಕಾಟದ ನಂಬಿಕೆಯನ್ನು ಒಪ್ಪಲಿ ಬಿಡಲಿ, ಅದರ ಬೆನ್ನಿಗಿರುವ ಗಣಿತ ಸರಿಯಾದದ್ದು. ಗುರುವಿನ ಸುತ್ತು ಹನ್ನೆರಡು ವರ್ಷಕ್ಕೆ ತುಸು ಕಡಿಮೆ. ಹೆಚ್ಚುಕಡಿಮೆ ವರ್ಷಕ್ಕೊಂದು ರಾಶಿ. ನದಿಗಳ ಪುಷ್ಕರ ಇದೇ ಲೆಕ್ಕದ ಮೇಲೆ ನಿಂತಿದೆ. 2020ರ ನವೆಂಬರ್‌ನಲ್ಲಿ ಗುರು ಮಕರ ರಾಶಿಯನ್ನು ಪ್ರವೇಶಿಸಿದಾಗ ತುಂಗಭದ್ರೆಗೆ ಪುಷ್ಕರ ಬಂದದ್ದು ಹೀಗೆ. ಅಂದರೆ ಗುರು ಮತ್ತು ಶನಿ ಉಳಿದ ಮೂವರಂತಲ್ಲ, ಇವರ ಕಾಲಮಾನವೇ ಬೇರೆ ಎಂಬ ತಿಳಿವು ಪಂಚಾಂಗದಲ್ಲೂ ಜಾತ್ರೆಯಲ್ಲೂ ನೆಲೆಗೊಂಡಿತ್ತು.

ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ತಿಳಿವಿನ ಬೆಲೆ ಗೊತ್ತಾಗುತ್ತದೆ. ಬುಧನ ಸುತ್ತು 88 ದಿನ, ಶುಕ್ರನದು 225 ದಿನ, ಭೂಮಿಯದು 365 ದಿನ, ಮಂಗಳನದು 687 ದಿನ. ಅಲ್ಲಿಂದ ಮುಂದಕ್ಕೆ ಒಮ್ಮೆಲೇ ಆರು ಪಟ್ಟಿಗೂ ಹೆಚ್ಚಿನ ನೆಗೆತ: ಗುರುವಿಗೆ 11.86 ವರ್ಷ. ಬಳಿಕ ಶನಿಗೆ 29.5, ಯುರೇನಸ್‌ಗೆ 84, ನೆಪ್ಚೂನ್‌ಗೆ ಸುಮಾರು 165 ವರ್ಷ. ಬೇಗ ಸುತ್ತುವ ನಾಲ್ಕೂ ಕಲ್ಲಿನವು. ನಿಧಾನವಾಗಿ ಸುತ್ತುವ ನಾಲ್ಕೂ ಕಲ್ಲಿನವಲ್ಲ. 1619ರಲ್ಲಿ ಕೆಪ್ಲರ್ ಪ್ರಕಟಿಸಿದ ನಿಯಮದ ಪ್ರಕಾರ ನಿಧಾನವೆಂದರೆ ಸೂರ್ಯನಿಂದ ದೂರ. ದ್ರವ್ಯದ ವ್ಯತ್ಯಾಸಕ್ಕೂ ಮೂಲಕಾರಣ ಈ ದೂರವೇ ಎಂಬುದು ಬಹಳ ಕಾಲದ ಮೇಲೆ ತಿಳಿದುಬಂತು. ಪಂಚಾಂಗಕಾರನು ಹಿಡಿದದ್ದು ಒಂದೇ ಕಾರಣದ ಎರಡು ಪರಿಣಾಮಗಳಲ್ಲಿ ಕಣ್ಣಿಗೆ ಕಾಣುವ ಒಂದನ್ನು.

ಜೊಳ್ಳು, ಗಟ್ಟಿ

ಬಿತ್ತನೆಗೆ ಮೊದಲು ಬೀಜವನ್ನು ಉಪ್ಪುನೀರಿಗೆ ಹಾಕಿ ತೇಲಿದ ಜೊಳ್ಳನ್ನು ತೆಗೆದು ಮುಳುಗಿದ ಗಟ್ಟಿಕಾಳನ್ನು ಉಳಿಸಿಕೊಳ್ಳುವ ಪದ್ಧತಿ ರೈತರಲ್ಲಿದೆ. ಗಾತ್ರಕ್ಕೆ ತಕ್ಕ ತೂಕವಿದೆಯೇ ಎಂಬುದೇ ಇಲ್ಲಿನ ಪರೀಕ್ಷೆ. ವಿಜ್ಞಾನದಲ್ಲಿ ಇದಕ್ಕೆ ಸಾಂದ್ರತೆ ಎಂದು ಹೆಸರು. ಗ್ರಹಗಳನ್ನು ಎರಡು ಕುಲವಾಗಿ ಒಡೆದದ್ದು ಇದೇ ಪರೀಕ್ಷೆ. ಅದೂ ಯಾವ ನೌಕೆಯೂ ಹಾರುವ ಮೊದಲೇ.

ದೂರದರ್ಶಕದಿಂದ ಗ್ರಹದ ಗಾತ್ರವನ್ನು ಅಳೆಯಬಹುದು. ತೂಕ ತಿಳಿಯಬೇಕಾದರೆ ಅದನ್ನು ಸುತ್ತುವ ಉಪಗ್ರಹವೊಂದಿರಬೇಕು. ಉಪಗ್ರಹದ ದೂರವೂ ಸುತ್ತಿನ ಕಾಲವೂ ಗೊತ್ತಾದರೆ ಅದನ್ನು ಹಿಡಿದಿಟ್ಟಿರುವ ಕಾಯದ ರಾಶಿ ದೊರಕುತ್ತದೆ. 1610ರಲ್ಲಿ ಗೆಲಿಲಿಯೊ ಗುರುವಿನ ನಾಲ್ಕು ಉಪಗ್ರಹಗಳನ್ನು ಕಂಡಿದ್ದ. 1687ರಲ್ಲಿ ಪ್ರಕಟವಾದ ನ್ಯೂಟನ್ನನ ‘ಪ್ರಿನ್ಸಿಪಿಯಾ’ ಈ ಮಾರ್ಗದಿಂದಲೇ ಸೂರ್ಯ, ಗುರು, ಶನಿ ಮತ್ತು ಭೂಮಿಗಳ ಸಾಂದ್ರತೆಗಳನ್ನು ಪರಸ್ಪರ ಹೋಲಿಸಿತು. ಆ ಗ್ರಂಥದ ಪರಿಷ್ಕೃತ ಆವೃತ್ತಿಯಲ್ಲಿ ಸೂರ್ಯನ ಸಾಂದ್ರತೆಯನ್ನು 100 ಎಂದಿಟ್ಟರೆ ಭೂಮಿಯದು 400, ಗುರುವಿನದು 94.5, ಶನಿಯದು 67. ಗುರು ಭೂಮಿಯ ಕಾಲುಭಾಗದಷ್ಟೇ ಗಟ್ಟಿ ಎಂಬ ಫಲಿತಾಂಶ ಇಂದಿನ ಅಳತೆಗೆ ತೀರ ಹತ್ತಿರದ್ದು. ಇಲ್ಲೊಂದು ವಿಚಿತ್ರವಿದೆ. ಬುಧ ಶುಕ್ರರಿಗೆ ಉಪಗ್ರಹಗಳೇ ಇಲ್ಲದ್ದರಿಂದ ಮನೆಯ ಪಕ್ಕದ ಈ ಕಲ್ಲಿನ ಗ್ರಹಗಳನ್ನು ನಿಖರವಾಗಿ ತೂಗಲು 1962ರ ಮ್ಯಾರಿನರ್ 2 ಮತ್ತು 1974ರ ಮ್ಯಾರಿನರ್ 10 ನೌಕೆಗಳವರೆಗೆ ಕಾಯಬೇಕಾಯಿತು. ದೂರದ ಗುರು ಶನಿಗಳ ತೂಕ ಮೂರು ಶತಮಾನ ಮೊದಲೇ ಕೈಗೆ ಸಿಕ್ಕಿತ್ತು.

ನ್ಯೂಟನ್ನನಿಗೆ ದಕ್ಕಿದ್ದು ಹೋಲಿಕೆಯ ಅಂಕಿ ಮಾತ್ರ. ಭೂಮಿಯ ನಿಜವಾದ ಸಾಂದ್ರತೆಯನ್ನು 1798ರಲ್ಲಿ ಹೆನ್ರಿ ಕ್ಯಾವೆಂಡಿಶ್ ಸೀಸದ ಗುಂಡುಗಳ ನಡುವಿನ ಸೆಳೆತವನ್ನು ಅಳೆದು ಕಂಡುಕೊಂಡ ಮೇಲೆ ಉಳಿದ ಕಾಯಗಳ ಸಾಂದ್ರತೆಯೂ ನೀರಿನ ಲೆಕ್ಕದಲ್ಲಿ ಸಿಕ್ಕಿತು. ಇಂದಿನ ಮಾಪನಗಳ ಪ್ರಕಾರ ನೀರಿನ ಸಾಂದ್ರತೆ 1 ಆದರೆ ಬುಧ 5.43, ಶುಕ್ರ 5.24, ಭೂಮಿ 5.51, ಮಂಗಳ 3.93. ಆಚೆಗೆ ಗುರು 1.33, ಶನಿ 0.69, ಯುರೇನಸ್ 1.27, ನೆಪ್ಚೂನ್ 1.64. ಸಾಮಾನ್ಯ ಕಲ್ಲಿನ ಸಾಂದ್ರತೆ ಮೂರರ ಆಸುಪಾಸಿನಲ್ಲಿರುತ್ತದೆ. ಮೊದಲ ನಾಲ್ಕು ಅದಕ್ಕಿಂತ ಭಾರವಾಗಿರುವುದಕ್ಕೆ ಒಳಗಿನ ಕಬ್ಬಿಣ ಕಾರಣ. ಬುಧನಲ್ಲಂತೂ ಕೇಂದ್ರದಿಂದ ಹೊರಮೈವರೆಗಿನ ದೂರದ ಐದರಲ್ಲಿ ನಾಲ್ಕು ಪಾಲಿಗೂ ಮೀರಿ ಕಬ್ಬಿಣದ ತಿರುಳೇ ತುಂಬಿದೆ.

ಶನಿಯ ಸಾಂದ್ರತೆ ನೀರಿಗಿಂತ ಕಡಿಮೆ ಇರುವುದರಿಂದ ಅದನ್ನು ಇಡುವಷ್ಟು ದೊಡ್ಡ ಕೆರೆಯಿದ್ದರೆ ತೇಲುತ್ತಿತ್ತು ಎಂಬ ಮಾತು ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮಾತು ರಂಜಕವಾದರೂ ದಾರಿ ತಪ್ಪಿಸುವಂಥದು. ತೇಲಬೇಕಾದರೆ ಹೊರಮೈ ಇರಬೇಕು. ಶನಿಗೆ ಅಂಥ ಹೊರಮೈ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಜೊಳ್ಳಿನ ಹೋಲಿಕೆಯೂ ಒಂದು ಹಂತದಾಚೆಗೆ ಸಲ್ಲುವುದಿಲ್ಲ. ಜೊಳ್ಳುಕಾಳು ಹಗುರ. ಗುರುವಾದರೋ 318 ಭೂಮಿಗಳಷ್ಟು ಭಾರ. ಉಳಿದ ಏಳು ಗ್ರಹಗಳನ್ನು ಒಟ್ಟುಗೂಡಿಸಿ ತೂಗಿದರೂ ಗುರುವಿನ ಅರ್ಧಕ್ಕೆ ಬರುವುದಿಲ್ಲ. ಶನಿ 95 ಭೂಮಿಗಳಷ್ಟು ಭಾರ. ಎಲ್ಲಕ್ಕಿಂತ ಭಾರವಾದ ಗ್ರಹಗಳೇ ಎಲ್ಲಕ್ಕಿಂತ ಸಡಿಲವಾದವು ಎಂಬುದು ಈ ಕುಲದ ಲಕ್ಷಣ. ಸಡಿಲವಾಗಿರುವುದು ಅವು ಟೊಳ್ಳಾಗಿರುವುದರಿಂದಲ್ಲ, ಜಗತ್ತಿನ ಅತ್ಯಂತ ಹಗುರ ದ್ರವ್ಯಗಳಾದ ಜಲಜನಕ ಮತ್ತು ಹೀಲಿಯಂಗಳಿಂದ ಆಗಿರುವುದರಿಂದ.

ನೆಲವನ್ನು ಮುಟ್ಟುವ ಪ್ರಯತ್ನ

ಜನಪದ ಕಥೆಗಳಲ್ಲಿ ನಾಯಕ ಮೇಲುಲೋಕಕ್ಕೆ ಹೋಗಲಿ, ಪಾತಾಳಕ್ಕಿಳಿಯಲಿ, ಕಾಲೂರಲು ಅವನಿಗೊಂದು ನೆಲ ಸಿಗುತ್ತದೆ. ಅಲ್ಲಿಯೂ ದಾರಿ, ಬಾವಿ, ಮರ, ಮನೆ. ಲೋಕವೆಂದರೆ ನೆಲವುಳ್ಳದ್ದು ಎಂಬ ಗೃಹೀತ ಎಷ್ಟು ಆಳವಾದುದೆಂದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಶಿಲಾಗ್ರಹ ಮತ್ತು ಅನಿಲಗ್ರಹಗಳ ವ್ಯತ್ಯಾಸ ಈ ಗೃಹೀತವನ್ನೇ ಮುಟ್ಟುವುದರಿಂದ ಅದು ಕೇವಲ ದ್ರವ್ಯದ ವ್ಯತ್ಯಾಸವಾಗಿ ಉಳಿಯುವುದಿಲ್ಲ.

ಎರಡು ಇಳಿತಗಳನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. 1982ರ ಮಾರ್ಚ್ 1ರಂದು ಸೋವಿಯತ್ ಒಕ್ಕೂಟದ ವೆನೆರಾ 13 ನೌಕೆ ಶುಕ್ರನ ಮೇಲಿಳಿಯಿತು. ಅಲ್ಲಿನ ಉಷ್ಣತೆ ಸುಮಾರು 460 ಡಿಗ್ರಿ ಸೆಲ್ಸಿಯಸ್, ಗಾಳಿಯ ಒತ್ತಡ ಭೂಮಿಯದರ ಸುಮಾರು 90 ಪಟ್ಟು, ಮೇಲೆ ಗಂಧಕಾಮ್ಲದ ಮೋಡ. ಬೆಳ್ಳಿಯೆಂದು ಕರೆದ ಆ ಹೊಳಪು ಈ ಮೋಡಗಳದೇ. ಇಂಥ ಕುಲುಮೆಯಲ್ಲಿಯೂ ನೌಕೆ 127 ನಿಮಿಷ ಕೆಲಸ ಮಾಡಿ ಚಪ್ಪಟೆ ಹಾಸುಗಲ್ಲುಗಳ ಚಿತ್ರಗಳನ್ನು ಕಳುಹಿಸಿತು. ಕ್ರೂರವಾದ ಜಾಗವಾದರೂ ಅದು ಜಾಗ.

1995ರ ಡಿಸೆಂಬರ್ 7ರಂದು ಗೆಲಿಲಿಯೊ ನೌಕೆಯಿಂದ ಬೇರ್ಪಟ್ಟಿದ್ದ ಶೋಧಕವೊಂದು ಸೆಕೆಂಡಿಗೆ ಸುಮಾರು 47 ಕಿಲೋಮೀಟರ್ ವೇಗದಲ್ಲಿ ಗುರುವಿನ ವಾತಾವರಣವನ್ನು ಹೊಕ್ಕಿತು. ಪ್ಯಾರಾಚೂಟ್ ಬಿಚ್ಚಿ ಇಳಿಯುತ್ತ ಇಳಿಯುತ್ತ ಸುಮಾರು 58 ನಿಮಿಷ ಮಾಹಿತಿ ಕಳುಹಿಸಿತು. ಒತ್ತಡ ಭೂಮಿಯ ಗಾಳಿಯ ಒತ್ತಡಕ್ಕಿಂತ ಸುಮಾರು 22 ಪಟ್ಟು ಏರಿದಾಗ ಅದರ ಸಂದೇಶ ನಿಂತಿತು. ಅದು ಯಾವುದಕ್ಕೂ ಡಿಕ್ಕಿ ಹೊಡೆದು ಒಡೆಯಲಿಲ್ಲ. ಡಿಕ್ಕಿ ಹೊಡೆಯಲು ಏನೂ ಇರಲಿಲ್ಲ. ಮುಂದೆ ಇಳಿಯುತ್ತಲೇ ಬಿಸಿಗೆ ಕರಗಿ, ಆವಿಯಾಗಿ, ಗುರುವಿನಲ್ಲಿ ಲೀನವಾಯಿತು. ಅಷ್ಟರಲ್ಲಿ ಅದು ಕ್ರಮಿಸಿದ್ದ ಆಳ ಸುಮಾರು 150 ಕಿಲೋಮೀಟರ್. ಗುರುವಿನ ತ್ರಿಜ್ಯದ ಸಾವಿರಕ್ಕೆ ಎರಡು ಪಾಲು. ಇದು ಅಲ್ಪವೆಂದು ತೋರಬಹುದು. ಆದರೆ ಭೂಮಿಯಲ್ಲಿ ಮನುಷ್ಯ ಕೊರೆದ ಅತಿ ಆಳದ ಬಾವಿ, ರಷ್ಯಾದ ಕೋಲಾದಲ್ಲಿರುವುದು, 12,262 ಮೀಟರ್. ಅದೂ ಭೂಮಿಯ ತ್ರಿಜ್ಯದ ಸಾವಿರಕ್ಕೆ ಎರಡು ಪಾಲೇ.

ಶೋಧಕ ಇನ್ನೂ ಇಳಿಯುವಂತಿದ್ದರೆ ಏನು ಕಾಣುತ್ತಿತ್ತು? ಅಮೋನಿಯದ ಮೋಡ, ಅದರಡಿ ಗಂಧಕ ಬೆರೆತ ಮೋಡ, ಅದರಡಿ ನೀರಿನ ಮೋಡ, ಅಲ್ಲಿಂದ ಮುಂದೆ ಜಲಜನಕ. ಆಳಕ್ಕೆ ಹೋದಂತೆ ಜಲಜನಕ ಗಾಳಿಯಂತಿರುವುದನ್ನು ಬಿಟ್ಟು ದ್ರವದಂತಾಗುತ್ತದೆ. ಆದರೆ ಕಡಲಿನ ಮೇಲ್ಮೈಯಂತೆ ಇಲ್ಲಿಂದ ದ್ರವ ಎಂದು ಬೆರಳಿಟ್ಟು ತೋರಿಸುವ ಗೆರೆ ಇಲ್ಲ. ಭೂಮಿಯ ಗಾಳಿಯ ಒತ್ತಡಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚಿನ ಒತ್ತಡದಲ್ಲಿ ಅದೇ ಜಲಜನಕ ಲೋಹದಂತೆ ವಿದ್ಯುತ್ತನ್ನು ಹರಿಸತೊಡಗುತ್ತದೆ. ಇಂಥ ಸ್ಥಿತಿ ಸಾಧ್ಯವೆಂದು 1935ರಲ್ಲಿ ವಿಗ್ನರ್ ಮತ್ತು ಹಂಟಿಂಗ್‌ಟನ್ ಎಂಬ ಭೌತವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದರು. ಗುರುವಿನ ಪ್ರಬಲ ಕಾಂತಕ್ಷೇತ್ರದ ಮೂಲ ಈ ಪದರವೇ.

ನೆಲವಿಲ್ಲದ ಗ್ರಹದಲ್ಲಿ ಎತ್ತರವನ್ನು ಎಲ್ಲಿಂದ ಅಳೆಯುವುದು? ಖಗೋಳವಿಜ್ಞಾನಿಗಳು ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಒತ್ತಡ 1 ಬಾರ್, ಅಂದರೆ ಹೆಚ್ಚುಕಡಿಮೆ ನಮ್ಮ ಸಮುದ್ರಮಟ್ಟದ ಗಾಳಿಯ ಒತ್ತಡ ಇರುವ ಎತ್ತರವನ್ನು ಸೊನ್ನೆ ಎಂದು ಎಣಿಸುವುದು. ಗುರುವಿನ ಸಮಭಾಜಕದ ವ್ಯಾಸ 1,42,984 ಕಿಲೋಮೀಟರ್ ಎಂದು ಪುಸ್ತಕಗಳು ಹೇಳುವಾಗ ಈ ಮಟ್ಟದವರೆಗಿನ ಅಳತೆಯನ್ನೇ ಹೇಳುತ್ತಿರುತ್ತವೆ. ಅಲ್ಲಿ ನಿಲ್ಲಲು ಏನೂ ಇಲ್ಲ. ಊರಿನ ಗಡಿಯನ್ನು ಹಿರಿಯರು ಕೂತು ಗೊತ್ತುಮಾಡಿದಂತೆ ಇದೂ ಒಂದು ಒಪ್ಪಿತ ಗಡಿ.

ತಿರುಗುವ ಬಗೆಯಲ್ಲಿಯೂ ಈ ವ್ಯತ್ಯಾಸ ಕಾಣುತ್ತದೆ. ಗುರು ಹತ್ತು ಗಂಟೆಯೊಳಗೆ, ಶನಿ ಹತ್ತೂವರೆ ಗಂಟೆಯ ಆಸುಪಾಸಿನಲ್ಲಿ ತಮ್ಮ ಅಕ್ಷದ ಸುತ್ತ ತಿರುಗುತ್ತವೆ. ಗಟ್ಟಿಯಲ್ಲದ ಕಾಯ ಇಷ್ಟು ಬೇಗ ತಿರುಗಿದರೆ ನಡು ಉಬ್ಬಬೇಕು. ಶನಿಯ ಧ್ರುವಗಳ ನಡುವಿನ ವ್ಯಾಸ ಸಮಭಾಜಕದ ವ್ಯಾಸಕ್ಕಿಂತ ಹತ್ತನೇ ಒಂದು ಪಾಲಿನಷ್ಟು ಕಡಿಮೆ. ಭೂಮಿಯಲ್ಲಿ ಈ ಉಬ್ಬು ಮುನ್ನೂರಕ್ಕೆ ಒಂದು ಪಾಲು.

ತಿರುಳಿನ ಪ್ರಶ್ನೆ

ಅನಿಲಗ್ರಹದ ನಡುವಿನಲ್ಲಾದರೂ ಕಲ್ಲಿನ ಗಟ್ಟಿ ತಿರುಳಿದೆ, ಮಾವಿನ ಹಣ್ಣಿನೊಳಗೆ ಓಟೆಯಿದ್ದಂತೆ, ಎಂದು 20ನೆಯ ಶತಮಾನದ ಪುಸ್ತಕಗಳು ಚಿತ್ರಿಸುತ್ತಿದ್ದವು. ಈ ಚಿತ್ರ ಈಗ ಬದಲಾಗಿದೆ. 2016ರ ಜುಲೈನಲ್ಲಿ ಗುರುವನ್ನು ತಲುಪಿದ ಜುನೊ ನೌಕೆ ಗ್ರಹದ ಸೆಳೆತದ ಸೂಕ್ಷ್ಮ ಏರಿಳಿತಗಳನ್ನು ಅಳೆಯಿತು. 2017ರಿಂದ ಹೊರಬಂದ ವಿಶ್ಲೇಷಣೆಗಳ ಪ್ರಕಾರ ಗುರುವಿನ ತಿರುಳು ಗಡಿಯುಳ್ಳ ಗುಂಡು ಅಲ್ಲ. ಕಲ್ಲು ಮತ್ತು ಹಿಮದ ಅಂಶ ಜಲಜನಕದಲ್ಲಿ ಬೆರೆತು ಬಹುದೂರದವರೆಗೆ ಹರಡಿಕೊಂಡಿದೆ. ಶನಿಯ ವಿಷಯದಲ್ಲಿ ಸಾಕ್ಷ್ಯ ಇನ್ನೂ ವಿಶೇಷ ದಾರಿಯಿಂದ ಬಂತು. ಶನಿಯ ಒಳಗಿನ ಕಂಪನಗಳು ಅದರ ಬಳೆಗಳಲ್ಲಿ ಅಲೆಗಳನ್ನೆಬ್ಬಿಸುತ್ತವೆ. 2017ರ ಸೆಪ್ಟೆಂಬರ್ 15ರಂದು ಶನಿಯಲ್ಲಿ ಬಿದ್ದು ಮುಗಿದ ಕ್ಯಾಸಿನಿ ನೌಕೆ ದಾಖಲಿಸಿಟ್ಟಿದ್ದ ಆ ಅಲೆಗಳನ್ನು ಓದಿ, ಶನಿಯ ಕಲಸಿದ ತಿರುಳು ಅದರ ತ್ರಿಜ್ಯದ ಸುಮಾರು 60 ಶೇಕಡದವರೆಗೆ ಹಬ್ಬಿದೆಯೆಂದು 2021ರಲ್ಲಿ ನಿರ್ಣಯಿಸಲಾಯಿತು.

ಇದಕ್ಕೆ ಎದುರಾಗಿ ಮಂಗಳವನ್ನು ಇಡಬಹುದು. 2018ರ ನವೆಂಬರ್‌ನಲ್ಲಿ ಅಲ್ಲಿಳಿದ ಇನ್‌ಸೈಟ್ ನೌಕೆ 2022ರ ಕೊನೆಯವರೆಗೆ 1,300ಕ್ಕೂ ಹೆಚ್ಚು ಕಂಪನಗಳನ್ನು ದಾಖಲಿಸಿತು. ಅಲೆಗಳು ಪುಟಿದು ಮರಳುವ ರೀತಿಯಿಂದ ಹೊರಪದರ, ನಡುಪದರ, ತಿರುಳು ಎಂಬ ಬೇರೆ ಬೇರೆ ಪದರಗಳು ಪತ್ತೆಯಾದವು. ಶಿಲಾಗ್ರಹದ ಒಡಲಲ್ಲಿ ಎಲ್ಲೆಗಳಿವೆ: ಕಬ್ಬಿಣ ಕೆಳಗಿಳಿದು, ಕಲ್ಲು ಮೇಲುಳಿದು, ಗಾಳಿ ಎಲ್ಲಕ್ಕಿಂತ ಮೇಲೆ ತೆಳುವಾಗಿ ನಿಂತಿದೆ. ಅನಿಲಗ್ರಹದಲ್ಲಿ ಒಂದು ಇನ್ನೊಂದರೊಳಗೆ ಕರಗುತ್ತ ಹೋಗುತ್ತದೆ. ಕಲ್ಲು ಮತ್ತು ಗಾಳಿ ಎಂಬ ದ್ರವ್ಯಭೇದಕ್ಕಿಂತ, ಎಲ್ಲೆಯುಳ್ಳದ್ದು ಮತ್ತು ಎಲ್ಲೆಯಿಲ್ಲದ್ದು ಎಂಬ ರಚನಾಭೇದವೇ ಈ ಎರಡು ಕುಲಗಳ ನಡುವಿನ ಹೆಚ್ಚು ಆಳವಾದ ವ್ಯತ್ಯಾಸ ಎನ್ನಬೇಕಾಗುತ್ತದೆ.

ಹುಟ್ಟಿನ ವೃತ್ತಾಂತ

ಸುಮಾರು 456 ಕೋಟಿ ವರ್ಷಗಳ ಹಿಂದೆ ಎಳೆಯ ಸೂರ್ಯನ ಸುತ್ತ ಅನಿಲ ಮತ್ತು ಧೂಳಿನ ತಟ್ಟೆಯೊಂದು ತಿರುಗುತ್ತಿತ್ತು. ಅದರ ರಾಶಿಯಲ್ಲಿ ಸುಮಾರು 98 ಶೇಕಡ ಜಲಜನಕ ಮತ್ತು ಹೀಲಿಯಂ. ಕಲ್ಲು ಮತ್ತು ಲೋಹಗಳಾಗಬಲ್ಲ ಅಂಶ ನೂರಕ್ಕೆ ಒಂದಕ್ಕಿಂತ ಕಡಿಮೆ. ಸೂರ್ಯನ ಹತ್ತಿರದ ಬಿಸಿಯಲ್ಲಿ ಘನವಾಗಿ ಉಳಿಯಬಲ್ಲದ್ದು ಈ ಅಲ್ಪಾಂಶ ಮಾತ್ರ. ಅದರಿಂದಾದ ಗ್ರಹಗಳು ಚಿಕ್ಕವಾದವು. ದೂರದಲ್ಲಿ, ಇಂದಿನ ಮಂಗಳ ಮತ್ತು ಗುರುವಿನ ನಡುವೆ ಎಲ್ಲೋ, ನೀರು ಹಿಮವಾಗಿ ಹೆಪ್ಪುಗಟ್ಟುವಷ್ಟು ತಂಪು ಆರಂಭವಾಗುತ್ತಿತ್ತು. ಆ ಹಿಮಗೆರೆಯಾಚೆ ಘನವಸ್ತುವಿನ ಪ್ರಮಾಣ ಹಲವು ಪಟ್ಟು ಹೆಚ್ಚಿತು. ಅಲ್ಲಿ ಬೆಳೆದ ಹಿಮ ಮತ್ತು ಕಲ್ಲಿನ ಮುದ್ದೆ ಹತ್ತು ಭೂಮಿಗಳಷ್ಟು ಭಾರವಾದಾಗ ಸುತ್ತಲಿನ ಜಲಜನಕವನ್ನೇ ಸೆಳೆದುಕೊಳ್ಳುವ ಬಲ ಬಂತು. ಮುಂದಿನದು ಶೀಘ್ರವಾಗಿ ಆಯಿತು: ಸೆಳೆದಷ್ಟೂ ಭಾರ, ಭಾರವಾದಷ್ಟೂ ಸೆಳೆತ.

ಅವಸರಕ್ಕೆ ಕಾರಣವಿತ್ತು. ತಟ್ಟೆಯ ಅನಿಲ ಕೆಲವೇ ದಶಲಕ್ಷ ವರ್ಷಗಳಲ್ಲಿ ಚದುರಿಹೋಗುವಂಥದು. ಗುರು ಶನಿಗಳು ಆ ಅವಧಿಯೊಳಗೆ ಸಾಕಷ್ಟು ದೋಚಿಕೊಂಡವು. ಇನ್ನೂ ದೂರದಲ್ಲಿ ನಿಧಾನವಾಗಿ ಬೆಳೆಯುತ್ತಿದ್ದ ಯುರೇನಸ್ ಮತ್ತು ನೆಪ್ಚೂನ್‌ಗಳು ತಯಾರಾಗುವಷ್ಟರಲ್ಲಿ ಅನಿಲ ಮುಗಿಯುತ್ತ ಬಂದಿತ್ತು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿವರಣೆ. ಹಾಗಾಗಿ ಅವುಗಳ ರಾಶಿಯಲ್ಲಿ ಹೆಚ್ಚಿನದು ನೀರು, ಅಮೋನಿಯ, ಮೀಥೇನ್‌ಗಳಂಥ ವಸ್ತು. ಜಲಜನಕ ಹೀಲಿಯಂಗಳ ಪಾಲು ಕಡಿಮೆ. 1990ರ ದಶಕದಿಂದ ಇವೆರಡನ್ನು ಅನಿಲಗ್ರಹಗಳಿಂದ ಬೇರ್ಪಡಿಸಿ ಹಿಮದೈತ್ಯಗಳೆಂದು ಕರೆಯುವ ರೂಢಿ ಬೆಳೆದಿದೆ. ಭೂಮಿಯ ಗಾಳಿಯಾದರೂ ಆ ತಟ್ಟೆಯಿಂದ ಹಿಡಿದಿಟ್ಟುಕೊಂಡದ್ದಲ್ಲ. ಬಹುಪಾಲು ಬಳಿಕ ಒಡಲಿನಿಂದ ಹೊರಬಂದದ್ದು ಮತ್ತು ಬಂದೆರಗಿದ ಕಾಯಗಳು ತಂದದ್ದು.

ಈ ಹುಟ್ಟಿನ ಬಿಸಿ ದೊಡ್ಡ ಗ್ರಹಗಳಲ್ಲಿ ಇನ್ನೂ ಆರಿಲ್ಲ. ಗುರು ತಾನು ಸೂರ್ಯನಿಂದ ಪಡೆಯುವ ಶಾಖದ ಸುಮಾರು ಎರಡು ಪಟ್ಟನ್ನು ಹೊರಸೂಸುತ್ತದೆ. ಪರಿವಾರದಲ್ಲೂ ಕುಲಭೇದ ಎದ್ದು ಕಾಣುತ್ತದೆ. ನಾಲ್ಕು ಶಿಲಾಗ್ರಹಗಳಿಗೆ ಒಟ್ಟು ಮೂರೇ ಉಪಗ್ರಹಗಳು. ಶನಿಯೊಂದಕ್ಕೇ 2025ರ ಮಾರ್ಚ್ ವೇಳೆಗೆ 274 ಉಪಗ್ರಹಗಳಿಗೆ ಮಾನ್ಯತೆ ದೊರೆತಿತ್ತು. ಬಳೆಗಳು ಶನಿಗೆ ಮಾತ್ರವೆಂದು ಬಹುಕಾಲ ನಂಬಲಾಗಿತ್ತು. 1977ರ ಮಾರ್ಚ್ 10ರಂದು ಯುರೇನಸ್ ನಕ್ಷತ್ರವೊಂದನ್ನು ಮರೆಮಾಡಿದಾಗ ನಕ್ಷತ್ರದ ಬೆಳಕು ಮೊದಲೂ ಆಮೇಲೂ ಮಿಣುಕಿದ್ದರಿಂದ ಅದಕ್ಕೂ ಬಳೆಗಳಿರುವುದು ತಿಳಿಯಿತು. ಆ ಘಟನೆಯನ್ನು ವೀಕ್ಷಿಸಿದವರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರಿನಲ್ಲಿರುವ ವೀಕ್ಷಣಾಲಯದವರೂ ಇದ್ದರು. ಬಳಿಕ ಗುರು ಮತ್ತು ನೆಪ್ಚೂನ್‌ಗಳಿಗೂ ಬಳೆಗಳಿರುವುದು ವಾಯೇಜರ್ ನೌಕೆಗಳಿಂದ ಖಚಿತವಾಯಿತು. ಶಿಲಾಗ್ರಹಗಳಲ್ಲಿ ಒಂದಕ್ಕೂ ಇಲ್ಲ.

ಗುರುತು ಮತ್ತು ಸ್ಥಳನಾಮ

1994ರ ಜುಲೈನಲ್ಲಿ ಶೂಮೇಕರ್-ಲೆವಿ 9 ಎಂಬ ಧೂಮಕೇತುವಿನ ಚೂರುಗಳು ಒಂದರ ಹಿಂದೊಂದು ಗುರುವಿಗೆ ಅಪ್ಪಳಿಸಿದವು. ಭೂಮಿಯಷ್ಟು ಅಗಲದ ಕಪ್ಪು ಕಲೆಗಳು ಮೂಡಿದವು. ಕೆಲವು ತಿಂಗಳಲ್ಲಿ ಅಳಿಸಿಹೋದವು. ಇಂದು ಗುರುವನ್ನು ನೋಡುವವನಿಗೆ ಅಂಥದೊಂದು ನಡೆದಿತ್ತೆಂಬ ಕುರುಹು ಸಿಗುವುದಿಲ್ಲ. ಬುಧನ ಮೈಮೇಲಾದರೋ ನಾನೂರು ಕೋಟಿ ವರ್ಷಗಳಿಗೂ ಹಿಂದಿನ ಹೊಡೆತಗಳ ಕುಳಿಗಳು ಇಂದಿಗೂ ಎಣಿಸಬಹುದಾದಂತೆ ಉಳಿದಿವೆ. ಕುಳಿಗಳ ದಟ್ಟಣೆಯಿಂದಲೇ ನೆಲದ ವಯಸ್ಸನ್ನು ಅಂದಾಜು ಮಾಡುವ ಶಾಸ್ತ್ರ ಬೆಳೆದಿದೆ. ನೆಲವಿದ್ದಲ್ಲಿ ಗತಕಾಲ ಉಳಿಯುತ್ತದೆ. ಗುರುವಿನ ಚರಿತ್ರೆ ಅದರ ಮೈಮೇಲಿಲ್ಲ. ಒಡಲಿನ ರಾಸಾಯನಿಕ ಸಂಯೋಜನೆಯಲ್ಲಿ ಕರಗಿದೆ.

ಗುರುತು ಉಳಿಯುವಲ್ಲಿ ಹೆಸರೂ ಉಳಿಯುತ್ತದೆ. ಸ್ಥಳನಾಮಗಳ ಅಧ್ಯಯನಕ್ಕೆ ಕನ್ನಡ ಸಂಶೋಧನೆಯಲ್ಲಿ ಗಟ್ಟಿಯಾದ ಪರಂಪರೆಯಿದ್ದು, ಅದರ ಕಣ್ಣಿನಿಂದ ನೋಡಿದರೆ ಎರಡು ಕುಲಗಳ ವ್ಯತ್ಯಾಸ ಹೊಸದಾಗಿ ಕಾಣುತ್ತದೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ನಿಯಮದಂತೆ ಬುಧನ ಕುಳಿಗಳಿಗೆ ಕವಿಗಳ, ಕಲಾವಿದರ, ಸಂಗೀತಗಾರರ ಹೆಸರು. ಅಲ್ಲಿ ವಾಲ್ಮೀಕಿ, ಕಾಳಿದಾಸ, ತ್ಯಾಗರಾಜ ಎಂಬ ಕುಳಿಗಳಿವೆ. ಶುಕ್ರನ ಮೇಲಿನ ಸ್ಥಳಗಳಿಗೆ ಬಹುತೇಕ ಸ್ತ್ರೀಯರ ಮತ್ತು ದೇವತೆಗಳ ಹೆಸರು. ಅಲ್ಲೊಂದು ಎತ್ತರದ ಪ್ರಸ್ಥಭೂಮಿಗೆ ಲಕ್ಷ್ಮಿಯ ಹೆಸರಿದೆ. ಮಂಗಳನ ಚಿಕ್ಕ ಕುಳಿಗಳಿಗೆ ಭೂಮಿಯ ಸಣ್ಣ ಊರುಗಳ ಹೆಸರು. 2024ರಲ್ಲಿ ಉತ್ತರಪ್ರದೇಶದ ಮುರ್ಸಾನ್ ಮತ್ತು ಬಿಹಾರದ ಹಿಲ್ಸಾ ಅಲ್ಲಿಗೆ ಸೇರಿದವು. 2014ರ ಸೆಪ್ಟೆಂಬರ್ 24ರಿಂದ ಮಂಗಳನನ್ನು ಸುತ್ತಿದ ಮಂಗಳಯಾನದ ಸಂದೇಶಗಳನ್ನು ಬೆಂಗಳೂರಿನ ಬಳಿಯ ಬ್ಯಾಲಾಳು ಗ್ರಾಮದ ಬೃಹತ್ ಆಂಟೆನಾ ಪಡೆಯುತ್ತಿತ್ತು. ಹಳ್ಳಿಯೊಂದು ಕೇಳಿಸಿಕೊಂಡ ಆ ಗ್ರಹದ ಮೇಲೆ ಊರುಗಳ ಹೆಸರುಳ್ಳ ಜಾಗಗಳಿವೆ. ಗುರುವಿನ ಮೇಲೆ ಇಂಥ ಒಂದು ಊರಿನ ಹೆಸರನ್ನೂ ಇಡಲಾಗದು. ಅಲ್ಲಿರುವುದು ಪಟ್ಟೆಗಳು, ಸುಳಿಗಳು, ಹತ್ತೊಂಬತ್ತನೆಯ ಶತಮಾನದಿಂದ ನಿರಂತರವಾಗಿ ಕಾಣುತ್ತ ಈಗ ಕುಗ್ಗುತ್ತಿರುವ ಮಹಾ ಕೆಂಪು ಕಲೆ. ಅದೂ ಒಂದು ಬಿರುಗಾಳಿ, ಜಾಗವಲ್ಲ.

ಪದಗಳ ತೊಡಕು

‘ಅನಿಲದೈತ್ಯ’ ಎಂಬ ಕನ್ನಡ ಪದದ ಮೂಲದಲ್ಲಿರುವ ಇಂಗ್ಲಿಷ್ ಪದವನ್ನು ಟಂಕಿಸಿದವರು ಖಗೋಳವಿಜ್ಞಾನಿಗಳಲ್ಲ. 1952ರಲ್ಲಿ ಜೇಮ್ಸ್ ಬ್ಲಿಶ್ ಎಂಬ ವಿಜ್ಞಾನ ಕಥೆಗಾರ ತನ್ನ ಕಥೆಯೊಂದರಲ್ಲಿ ಅದನ್ನು ಬಳಸಿದ. ವಿಜ್ಞಾನಿಗಳು ಅಲ್ಲಿಂದ ಎತ್ತಿಕೊಂಡರು. ಕಥೆಯಿಂದ ಶಾಸ್ತ್ರಕ್ಕೆ ಪದ ಹೋದದ್ದು ತಪ್ಪೇನಲ್ಲ. ತೊಡಕಿರುವುದು ಬೇರೆಡೆ. ಆಡುಮಾತಿನಲ್ಲಿ ಅನಿಲವೆಂದರೆ ಗಾಳಿ, ಒಲೆಯ ಗ್ಯಾಸು. ಗುರುವಿನ ಬಹುಪಾಲು ದ್ರವ್ಯ ಆ ಅರ್ಥದಲ್ಲಿ ಅನಿಲವೇ ಅಲ್ಲ. ಹಿಮದೈತ್ಯವೆಂಬುದು ಇನ್ನೂ ತೊಡಕಿನದು; ಯುರೇನಸ್‌ನ ಒಳಗಿನ ‘ಹಿಮ’ ಸಾವಿರಾರು ಡಿಗ್ರಿ ಬಿಸಿಯ ದಟ್ಟ ದ್ರವ. ಕನ್ನಡಕ್ಕೆ ಬಂದಾಗ ಮತ್ತೊಂದು ವಿನೋದವೂ ಸೇರಿಕೊಂಡಿತು. ಪುರಾಣದಲ್ಲಿ ಬೃಹಸ್ಪತಿ ದೇವತೆಗಳ ಗುರು, ದೈತ್ಯರ ಗುರು ಶುಕ್ರ. ವಿಜ್ಞಾನದ ಪರಿಭಾಷೆಯಲ್ಲಿ ಬೃಹಸ್ಪತಿಯೇ ದೈತ್ಯನಾಗಿದ್ದಾನೆ.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ‘ವಿಜ್ಞಾನ’ ಪತ್ರಿಕೆಯಿಂದ ಇತ್ತ ಕನ್ನಡದಲ್ಲಿ ವಿಜ್ಞಾನ ಬರವಣಿಗೆಗೆ ಒಂದು ಶತಮಾನ ಮೀರಿದ ಇತಿಹಾಸವಿದೆ. ಪದ ಸೃಷ್ಟಿಸುವಾಗ ಇಂಗ್ಲಿಷಿನ ಒಡಲನ್ನು ಸಂಸ್ಕೃತದಲ್ಲಿ ಅಚ್ಚುಹಾಕುವುದೇ ಇದರಲ್ಲಿ ಹೆಚ್ಚಿನ ಪಾಲು ನಡೆದುಬಂದಿದೆ. ‘ನೆಲವುಳ್ಳ’, ‘ನೆಲವಿಲ್ಲದ’ ಎಂಬ ಮಾತುಗಳು ಪಾರಿಭಾಷಿಕ ಗಾಂಭೀರ್ಯವಿಲ್ಲದವು ಎನಿಸಬಹುದು. ಆದರೆ ಜುನೊ ಮತ್ತು ಕ್ಯಾಸಿನಿಗಳ ಬಳಿಕದ ತಿಳಿವಿಗೆ ಅವು ಅನಿಲ, ಹಿಮ ಎಂಬ ಪದಗಳಿಗಿಂತ ಹತ್ತಿರವಾಗಿವೆ, ಮಗುವಿಗೂ ಅರ್ಥವಾಗುತ್ತವೆ.

ಸೌರವ್ಯೂಹದಾಚೆ ಈ ವರ್ಗೀಕರಣ ಇನ್ನಷ್ಟು ಪರೀಕ್ಷೆಗೊಳಗಾಗಿದೆ. 1995ರಲ್ಲಿ ಮೇಯರ್ ಮತ್ತು ಕ್ವೆಲೋ ಕಂಡ 51 ಪೆಗಾಸಿಯ ಗ್ರಹ ಗುರುವಿನ ಅರ್ಧದಷ್ಟು ಭಾರದ್ದು. ಆದರೂ ತನ್ನ ನಕ್ಷತ್ರವನ್ನು 4.2 ದಿನಕ್ಕೊಮ್ಮೆ ಸುತ್ತುತ್ತದೆ. ನಿಧಾನವಾದದ್ದೇ ಅನಿಲಗ್ರಹ ಎಂಬ ಸೂತ್ರ ಅಲ್ಲಿಗೆ ಮುರಿಯಿತು. ದೂರದಲ್ಲಿ ಹುಟ್ಟಿ ಒಳಗೆ ವಲಸೆ ಬಂದಿರಬೇಕೆಂಬುದು ಈಗಿನ ಪ್ರಬಲ ವಿವರಣೆ; ಹುಟ್ಟಿದೂರು ಒಂದು, ನೆಲೆಸಿದೂರು ಇನ್ನೊಂದು. 2019ರಲ್ಲಿ ಭಾರತಕ್ಕೆ ಹೆಸರಿಡಲು ದೊರೆತದ್ದೂ ಇಂಥದೇ ಗ್ರಹ. ನಕ್ಷತ್ರಕ್ಕೆ ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿನಲ್ಲಿ ‘ಬಿಭಾ’ ಎಂದೂ, ಎರಡು ದಿನಕ್ಕೆ ತುಸು ಹೆಚ್ಚಿನ ಅವಧಿಯಲ್ಲಿ ಅದನ್ನು ಸುತ್ತುವ ಗ್ರಹಕ್ಕೆ ಮೋಡ ಮುಸುಕಿದ್ದು ಎಂಬ ಅರ್ಥದ ‘ಸಂತಮಸ’ ಎಂದೂ ಹೆಸರಾಯಿತು. ಇನ್ನು ಸಂಖ್ಯೆಯಲ್ಲಿ ಹೆಚ್ಚಾಗಿ ಸಿಗುತ್ತಿರುವುದು ಭೂಮಿಗಿಂತ ದೊಡ್ಡ, ನೆಪ್ಚೂನ್‌ಗಿಂತ ಚಿಕ್ಕ ಗ್ರಹಗಳು. ಸೌರವ್ಯೂಹದಲ್ಲಿ ಇವುಗಳ ಮಾದರಿ ಒಂದೂ ಇಲ್ಲ. 2017ರ ಅಧ್ಯಯನವೊಂದು ಇವುಗಳಲ್ಲಿಯೂ ಒಂದು ಬಿರುಕನ್ನು ತೋರಿಸಿತು: ಭೂಮಿಯ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗಿನ ತ್ರಿಜ್ಯದ ಗ್ರಹಗಳು ವಿರಳ. ಆ ಬಿರುಕಿನ ಈಚೆಯವು ಬಹುಮಟ್ಟಿಗೆ ಕಲ್ಲಿನವು, ಆಚೆಯವು ದಪ್ಪ ಹೊದಿಕೆಯುಳ್ಳವು. ಆ ಹೊದಿಕೆ ಜಲಜನಕದ್ದೋ ನೀರಿನದ್ದೋ, ಅದರಡಿಯಲ್ಲಿ ನೆಲವುಂಟೋ ಇಲ್ಲವೋ ಎಂಬುದು ಇನ್ನೂ ಚರ್ಚೆಯಲ್ಲಿದೆ.